ಮೈನೋವಿನ ಮಾಸ್ತರರು

ಕಾಸರಕೋಡದ ತಾಲೀಮು ಮನೆಯಲ್ಲಿ ಜಟ್ಟಪ್ಪ ಮಾಸ್ತರರು ಶಿಷ್ಯರ ಹೆಸರು ಮರೆತರೂ ಅವರ ನೋವು ವಿಚಾರಿಸಲು ಮರೆಯುತ್ತಿರಲಿಲ್ಲ. ಕಬ್ಬಿಣ ಎತ್ತಿದ ಮರುದಿನ, "ಮೈ ನೋಯ್ತದ್ಯಾ?" ಎಂದು ಕೇಳುವರು. ಹೌದೆಂದವನ ಬೆನ್ನು ತಟ್ಟುವರು. ಇಲ್ಲವೆಂದವನಿಗೆ, "ಹಂಗಾದ್ರೆ ನಿನ್ನೆ ಮಾಡಿದ್ದು ನೀರಲ್ಲಿ ಹೋಮ ಆತು" ಎಂದು ಭಾರ ಏರಿಸುವರು. ತೋಳೆತ್ತಲಾಗದೆ ತಾಯಿಯ ಕೈತುತ್ತು ತಿಂದ ಶಿಷ್ಯನನ್ನು ವರ್ಷವಿಡೀ ಕೊಂಡಾಡಿದ್ದರು. ತಮ್ಮ ಮೈ ನೋಯದ ದಿನ ಅವರಿಗೆ ಗಂಜಿಯೂ ಸೇರುತ್ತಿರಲಿಲ್ಲ. ಅವರ ಹೆಂಡತಿ ಮಾದೇವಿ ದಿನಾ ಮೀನಿನ ಬುಟ್ಟಿ ಹೊತ್ತು, ದೋಣಿಯಲ್ಲಿ ಹೊಳೆ ದಾಟಿ, ಹೊನ್ನಾವರ ಪೇಟೆಯಲ್ಲಿ ಮನೆಮನೆಗೆ ಮಾರುವವಳು. ಒಂದು ಬೆಳಿಗ್ಗೆ ಬುಟ್ಟಿಯನ್ನು ತಲೆಗೇರಿಸಲಾಗದೆ ಅಂಗಳದಲ್ಲೇ ಕುಳಿತುಬಿಟ್ಟಳು. "ನೋವಾದ್ರೆ ಮೈಗೆ ಬಲ ಬರ್ತದೆ ಅಂತ್ರಿ. ನನ್ನ ಕುತ್ತಿಗೆ, ಸೊಂಟ ಇಪ್ಪತ್ತು ವರ್ಷದಿಂದ ನೋಯ್ತದೆ. ಆ ಬಲ ಎಲ್ಲಿ ಹೋತು?" ಎಂದಳು. ಅವಳ ದನಿಯಲ್ಲಿ ಕೋಪವಿರಲಿಲ್ಲ. ಅವಳಿಗೆ ನಿಜಕ್ಕೂ ತಿಳಿಯಬೇಕಿತ್ತು. ಎರಡು ಮಣ ಎತ್ತುವ ತೋಳಿನಿಂದ ಏನು ಮಾಡಬೇಕೆಂದು ಮಾಸ್ತರರಿಗೆ ಹೊಳೆಯಲಿಲ್ಲ. ಕೊನೆಗೆ ಬುಟ್ಟಿಯನ್ನು ಹಗುರಾಗಿ ಎತ್ತಿ ಅವಳ ತಲೆಯ ಮೇಲೇ ಇಟ್ಟರು. ಅವಳು ಹಲ್ಲು ಕಚ್ಚಿ ಎದ್ದು ದೋಣಿ ನಿಲ್ಲುವ ದಕ್ಕೆಯ ಕಡೆ ನಡೆದಳು.