ಕಾಂಪೌಂಡರ್ ಕಾಕಾನ ಕಂಪ್ಯೂಟರ್

ಹಳೆಯ ಕಂಪ್ಯೂಟರನ್ನು ಗುಜರಿಗೆ ಕೊಡುವ ಮೊದಲು ಒಮ್ಮೆ ಚಾಲೂ ಮಾಡಿ ನೋಡಿದೆ. ಕಾದ ಧೂಳಿನ ವಾಸನೆ ಬಂತು. ಡಬ್ಬಿ ಬಿಚ್ಚಿದರೆ ಫ್ಯಾನಿನ ರೆಕ್ಕೆಗೆ ಹತ್ತಿಯ ಎಳೆಗಳು. ರಬಕವಿಯ ನಮ್ಮ ಓಣಿಯ ಮಗ್ಗಗಳಿಂದ ಹಾರಿ ಬರುತ್ತಿದ್ದ ಎಳೆಗಳು... ಕಾಂಪೌಂಡರ್ ಕಾಕಾ ನೆನಪಾದರು.

ಅವರು ನಮ್ಮ ಪಕ್ಕದ ಮನೆಯವರು. ಜಮಖಂಡಿಯ ದವಾಖಾನೆಯೊಂದರಲ್ಲಿ ಕಾಂಪೌಂಡರ್ ಆಗಿ ನಿವೃತ್ತರಾಗಿದ್ದರು. ಮಕ್ಕಳಿರಲಿಲ್ಲ. ಅವರ ಹೆಂಡತಿ, ನಮ್ಮ ಕಾಕು, ಕ್ಯಾನ್ಸರಿನಿಂದ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ನಾನಾಗ ಓಣಿಯ ತುದಿಯಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದೆ. ಒಂದು ದಿನ ಪೇಪರ್ ಹಿಡಿದು ಬಂದರು. ಮನೆಯ ಕಂಪ್ಯೂಟರು ಸುಮ್ಮನಿರುವ ಹೊತ್ತಿನಲ್ಲಿ ದೂರದ ವಿಜ್ಞಾನಿಗಳ ದೊಡ್ಡ ಲೆಕ್ಕದ ಒಂದು ತುಣುಕನ್ನು ಬಿಡಿಸಿಕೊಡಬಹುದು, ಹೀಗೆ ಜಗತ್ತಿನ ಮಂದಿಯೆಲ್ಲ ಸೇರಿ ಕ್ಯಾನ್ಸರಿಗೆ ಔಷಧ ಹುಡುಕಲು ನೆರವಾಗುತ್ತಿದ್ದಾರೆ ಎಂದು ಅದರಲ್ಲಿತ್ತು.

“ಜನ್ಮಾ ಪೂರ್ತಿ ಮಂದಿಗೆ ಔಷಧ ಕೊಟ್ಟೆ, ತಂಗಿ. ಆಕಿಗೆ ಕೊಡಾಕ ನನ್ನ ಹತ್ರ ಏನೂ ಇರಲಿಲ್ಲ,” ಎಂದರು.

ಕಂಪ್ಯೂಟರ್ ಕೊಂಡರು. ಖಾತೆಯನ್ನು ಕಾಕುವಿನ ಹೆಸರಿನಲ್ಲೇ ತೆರೆಸಿದರು. ನಮ್ಮ ಊರಿನ ಹೆಸರಿನಲ್ಲಿ ಒಂದು ತಂಡವನ್ನೂ ಮಾಡಿದೆವು. ಅದರಲ್ಲಿ ಇದ್ದದ್ದು ಕಾಕು ಒಬ್ಬರೇ. ತುಣುಕು ಮುಗಿದಂತೆ ಅಂಕ ಏರುತ್ತಿತ್ತು. ಬೆಳಿಗ್ಗೆ ಚಹಾ ಹಿಡಿದು ಪರದೆಯಲ್ಲಿ ಅಂಕ ತೋರಿಸುವ ಗೆರೆ ನೋಡಿ, “ಇವತ್ತ ನಿಮ್ಮ ಕಾಕು ಛಲೋ ದುಡದಾಳ ನೋಡವಾ!” ಎಂದು ಕೂಗಿ ಹೇಳುತ್ತಿದ್ದರು.

ಮುಂದೆ ಹಾರ್ಡ್ ಡಿಸ್ಕ್ ಟಕಟಕ ಅನ್ನತೊಡಗಿತು. ಜಮಖಂಡಿಯಿಂದ ಬಂದ ಮೆಕ್ಯಾನಿಕ್ ಹೊಸದನ್ನು ಹಾಕಿ, ಆ ಪ್ರೋಗ್ರಾಮನ್ನೂ ಅದಕ್ಕೆ ಸಾಗಿಸಿಕೊಟ್ಟ. ತೆರೆದರೆ ಗೆರೆಯೇ ಇಲ್ಲ, ಅಂಕ ಸೊನ್ನೆ. ಲೆಕ್ಕವೆಲ್ಲ ಬೇರೊಂದು ಫೋಲ್ಡರಿನಲ್ಲಿ ಹಳೆಯ ಡಿಸ್ಕಿನೊಳಗೇ ಉಳಿದಿತ್ತು. ಹಳೆಯದು ಮತ್ತೆ ತೆರೆಯಲಿಲ್ಲ.

“ಎಲ್ಲಿ ಹೋದ್ಲ ಆಕಿ?” ಎಂದರು ಕಾಕಾ.

ಇಂಟರ್ನೆಟ್ಟಿನಲ್ಲಿ ತಂಡದ ಪುಟ ತೆರೆದು ತೋರಿಸಿದೆ. ಕಾಕುವಿನ ಹೆಸರು, ಅಂಕ, ಎಲ್ಲ ಅಲ್ಲಿ ಹಾಗೇ ಇದ್ದವು. ಆದರೆ ಆ ಖಾತೆಗೆ ಹೊಸ ಡಿಸ್ಕನ್ನು ಜೋಡಿಸಲು ಪಾಸ್‌ವರ್ಡ್ ಬೇಕಿತ್ತು. ಅದು ಇಬ್ಬರಿಗೂ ನೆನಪಿರಲಿಲ್ಲ. ಖಾತೆಗೆ ಕೊಟ್ಟಿದ್ದ ಇ-ಮೇಲ್ ಬಳಸದೆ ಮುಚ್ಚಿಹೋಗಿತ್ತು. ಕಾಕುವಿನ ಅಂಕ ಇನ್ನು ಏರುವುದಿಲ್ಲ ಎಂದು ನಾನೇ ಹೇಳಬೇಕಾಯಿತು. ಕೆಲವು ವಾರ ಕಂಪ್ಯೂಟರಿನ ಮೇಲೆ ಬಟ್ಟೆ ಮುಚ್ಚಿತ್ತು.

ಆಮೇಲೆ ತಾವೇ ಬಂದರು. “ನನ್ನ ಹೆಸರು ಹಚ್ಚು, ತಂಗಿ.”

ತಂಡದಲ್ಲಿ ಈಗ ಎರಡು ಹೆಸರು. ಹೆಚ್ಚು ಅಂಕವಿದ್ದ ಕಾಕು ಮೇಲೆ, ಕಾಕಾ ಕೆಳಗೆ. ಕೆಳಗಿನ ಅಂಕ ನಿಧಾನಕ್ಕೆ ಏರುತ್ತ ಹೋಯಿತು. ಒಂದು ಮುಂಜಾನೆ ಹೋದಾಗ ಪ್ಲಗ್ ಕಿತ್ತು ಕುಳಿತಿದ್ದರು.

“ಇನ್ನೊಂದಿಷ್ಟಕ್ಕ ನನ್ನ ಅಂಕ ಆಕೀದನ್ನ ದಾಟತೈತಿ. ನಾ ಮ್ಯಾಲ ಹೋದ್ರ ಆಕಿ ಹಿಂದ ಉಳದಂಗ ಆತಲ್ಲ...”

“ಔಷಧದ ಕೆಲಸ ನಿಲ್ಲಸ್ತೀರೇನ್ರೀ ಕಾಕಾ?” ಎಂದೆ.

ಕಾಕಾ ಎದ್ದು ತಾವೇ ಪ್ಲಗ್ ಹಚ್ಚಿದರು. “ನಿಲ್ಲಿಸಿದ್ರ ಆಕೀನ ನನಗ ಬೈತಿದ್ಲು.”

ಅದೇ ವಾರ ಅವರ ಹೆಸರು ಮೇಲೆ ಬಂತು. ಆ ದಿನ ಅವರು ಪರದೆಯ ಕಡೆ ನೋಡಲಿಲ್ಲ.

ಕಾಕಾ ಹೋಗಿ, ಅವರ ಕಂಪ್ಯೂಟರ್ ನನ್ನ ಮನೆಗೆ ಬಂದು ಎಷ್ಟೋ ವರ್ಷಗಳಾದವು. ಆ ತುಣುಕುಗಳಿಂದ ಔಷಧವೇನಾದರೂ ಸಿಕ್ಕಿತೋ ಇಲ್ಲವೋ, ನನಗೆ ಗೊತ್ತಿಲ್ಲ. ತಂಡದ ಪುಟ ಹುಡುಕಿದೆ. ಈಗ ಅದು ತೆರೆಯುವುದಿಲ್ಲ. ಆ ಎರಡು ಹೆಸರುಗಳನ್ನು ಒಟ್ಟಿಗೆ ನೋಡಿದವರಲ್ಲಿ ಉಳಿದವಳು ನಾನೊಬ್ಬಳೇ.