ದೊಡ್ಡಪ್ಪನ ಕಣ್ಣಿನ ಪೊರೆ

ನಾನು ಕಣ್ಣಿನ ಪ್ರೋಟೀನುಗಳ ಸಂಶೋಧನೆಗೆ ಇಳಿದದ್ದು ಜ್ಞಾನದ ಹಸಿವಿನಿಂದ ಎಂದು ನಾನು ನಿವೃತ್ತಳಾದ ದಿನ ಯಾರೋ ಭಾಷಣ ಮಾಡಿದರು. ಹಾರ ಹಾಕಿಸಿಕೊಂಡು ಸುಮ್ಮನೆ ಕೂತಿದ್ದೆ. ನಿಜ ಹೇಳಬೇಕೆಂದರೆ ಇಳಿದದ್ದು ಸಿಟ್ಟಿನಿಂದ, ಅದೂ ಒಬ್ಬರೇ ಒಬ್ಬರ ಮೇಲಿನ ಸಿಟ್ಟಿನಿಂದ. ಅವರು ನನ್ನ ದೊಡ್ಡಪ್ಪ, ಅಪ್ಪನ ಅಣ್ಣ. ಈಗ ಅವರಿಲ್ಲ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುತ್ತಾರೆ. ಬದುಕಿದ್ದಾಗ ಆಡಲು ಬಿಡಲಿಲ್ಲ, ಸತ್ತ ಮೇಲೂ ಆಡಬಾರದು ಎಂದರೆ ಮತ್ತೆ ಯಾವಾಗ ಆಡುವುದು?

ನಾನು ಚಿಕ್ಕವಳಿರುವಾಗಲೇ ಅಪ್ಪ ತೀರಿಕೊಂಡರು. ಅಮ್ಮ ಮತ್ತು ನಾನು ಮೇಳಿಗೆಯ ಹತ್ತಿರ ದೊಡ್ಡಪ್ಪನ ಯಜಮಾನಿಕೆಯ ಕೆಳಗೆ ಬದುಕಿದೆವು. ದೊಡ್ಡಪ್ಪ ಪಂಚಾಯ್ತಿ ಛೇರ್ಮನ್. ಜೀಪು, ಇಸ್ತ್ರಿ ಮಾಡಿದ ಖಾದಿ ಜುಬ್ಬ, ಬಾಯಲ್ಲಿ ಸದಾ ಎಲೆಅಡಿಕೆ. ಎಪ್ಪತ್ತರ ದಶಕದಲ್ಲಿ ತೀರ್ಥಹಳ್ಳಿಯಲ್ಲಿ ಚಳಿಗಾಲ ಬಂತೆಂದರೆ ಶಾಲೆಯ ಬೆಂಚುಗಳನ್ನು ಹೊರಗೆ ಹಾಕಿ, ಕೋಣೆಗಳನ್ನು ತೊಳೆದು, ಕಣ್ಣಿನ ಕ್ಯಾಂಪು ನಡೆಸುತ್ತಿದ್ದರು. ಘಟ್ಟದ ಕೆಳಗಿನಿಂದ ಡಾಕ್ಟರುಗಳು ಬಂದು ಪೊರೆ ತೆಗೆಯುತ್ತಿದ್ದರು. ಸ್ವಾಗತ ಸಮಿತಿಗೆ ದೊಡ್ಡಪ್ಪನೇ ಅಧ್ಯಕ್ಷರು. ರೋಗಿಗಳ ಗಂಜಿಗೆ ಅಕ್ಕಿ ನಮ್ಮ ಮನೆಯದು. ಅರಳಸುರಳಿಯಿಂದ, ಆಗುಂಬೆಯಿಂದ ಮುದುಕಿಯರನ್ನು ತಮ್ಮ ಜೀಪಿನಲ್ಲೇ ಹೇರಿಕೊಂಡು ಬರುತ್ತಿದ್ದರು. ದೀಪ ಹಚ್ಚಿ, ಕಣ್ಣಿದ್ದರೆ ಜಗತ್ತು ಎಂದು ಗಂಟಲು ತುಂಬಿ ಮಾತಾಡುತ್ತಿದ್ದರು. ಕೇಳಿದವರು ಕಣ್ಣೊರೆಸಿಕೊಳ್ಳುತ್ತಿದ್ದರು.

ಅದೇ ಹೊತ್ತಿಗೆ ಮನೆಯಲ್ಲಿ ಅಮ್ಮ ಆ ಗಂಜಿಯ ಅಕ್ಕಿಯಿಂದ ಕಲ್ಲನ್ನು ಬೆರಳಿನಲ್ಲಿ ತಡವಿ ತೆಗೆಯುತ್ತಿದ್ದಳು. ಅವಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ವಯಸ್ಸೇನೂ ಆಗಿರಲಿಲ್ಲ, ಬೇಗ ಬಂದಿತ್ತು. ಶಿವಮೊಗ್ಗದಲ್ಲಿ ಬಿ.ಎಸ್ಸಿ. ಓದುತ್ತಿದ್ದ ನಾನು ರಜೆಗೆ ಬಂದವಳು ಧೈರ್ಯ ಮಾಡಿ ದೊಡ್ಡಪ್ಪನ ಮುಂದೆ ನಿಂತೆ.

"ದೊಡ್ಡಪ್ಪಯ್ಯ, ಈ ಸಲ ಅಮ್ಮನ್ನೂ ಕ್ಯಾಂಪಿಗೆ ಕರ್ಕೊಂಡು ಹೋಗಾಣ."

"ಎಂತ ಮಾತಾಡ್ತೀಯೆ? ಛೇರ್ಮನ್ರ ಮನೆ ಹೆಂಗಸು ಕೂಲಿಯೋರ ಮಧ್ಯ ಚಾಪೆ ಮೇಲೆ ಮಲಗಾದಾ? ನಾಳೆ ನಾನು ಜನಕ್ಕೆ ಮುಖ ತೋರ್ಸೋದು ಬ್ಯಾಡ್ವಾ? ಕೆಳಗೆ ದೊಡ್ಡಾಸ್ಪತ್ರೆಗೆ ನಾನೇ ಕರ್ಕೊಂಡು ಹೋಗ್ತೀನಿ. ಪೊರೆ ಇನ್ನೂ ಹಣ್ಣಾಗ್ಲಿ."

ಪೊರೆ ಹಣ್ಣಾಗಬೇಕು ಎನ್ನುವುದು ದೊಡ್ಡಪ್ಪ ಕಟ್ಟಿದ ಕತೆಯಲ್ಲ. ಆ ಕಾಲದಲ್ಲಿ ಊರೆಲ್ಲ ಹಾಗೇ ಹೇಳುತ್ತಿತ್ತು, ಡಾಕ್ಟರುಗಳೂ ಹೇಳುತ್ತಿದ್ದರು. ಆದರೆ ಹಣ್ಣಾದದ್ದನ್ನು ಕೊಯ್ಯದೆ ಬಿಟ್ಟರೆ ಕೊಳೆಯುತ್ತದೆ ಎಂಬುದು ಭತ್ತ, ಬಾಳೆ ಬೆಳೆಯುವ ಮನುಷ್ಯನಿಗೆ ಗೊತ್ತಿರಲಿಲ್ಲವೇ? ಒಂದು ವರ್ಷ ಗದ್ದೆ ಕೊಯ್ಲು ಅಡ್ಡ ಬಂತು. ಮತ್ತೊಂದು ವರ್ಷ ಅವರ ಮಗಳ ಮದುವೆ. ಮತ್ತೊಂದು ವರ್ಷ ಚುನಾವಣೆ. ಅಮ್ಮ ಬಾಯಿಬಿಟ್ಟು ಕೇಳಿದವಳಲ್ಲ. ಭಾವನವರ ಎದುರು ಅವಳು ಸೆರಗು ಹೊದ್ದು ಬಾಗಿಲ ಸಂದಿಯಲ್ಲಿ ನಿಲ್ಲುತ್ತಿದ್ದಳೇ ಹೊರತು ಮಾತಾಡಿದ್ದನ್ನು ನಾನು ಕಂಡಿಲ್ಲ.

ಒಂದು ಆಷಾಢದಲ್ಲಿ ಅವಳ ಬಲಗಣ್ಣು ಕೆಂಡದ ಹಾಗೆ ಕೆಂಪಾಯಿತು. ನೋವಿಗೆ ವಾಂತಿ ಮಾಡಿಕೊಂಡಳು, ಹಣೆಯನ್ನು ಗೋಡೆಗೆ ಚಚ್ಚಿಕೊಂಡಳು. ಜೀಪು ದೊಡ್ಡಪ್ಪನ ಜೊತೆ ಶಿವಮೊಗ್ಗಕ್ಕೆ ಹೋಗಿತ್ತು. ಅಕ್ಕಪಕ್ಕದವರು ನಂದಿಬಟ್ಟಲ ಹೂವಿನ ನೀರು ಬಿಟ್ಟರು, ಬಾಣಂತಿಯ ಹಾಲು ಬಿಟ್ಟರು. ಕೊನೆಗೂ ಘಟ್ಟ ಇಳಿಸಿ ದೊಡ್ಡಾಸ್ಪತ್ರೆಗೆ ಸೇರಿಸುವಷ್ಟರಲ್ಲಿ ಆ ಕಣ್ಣು ಮುಗಿದಿತ್ತು. ಇನ್ನೊಂದರ ಒಳಗೂ ಸದ್ದಿಲ್ಲದೆ ಅದೇ ನಡೆದಿತ್ತು. ಅದಕ್ಕೆ ಶಸ್ತ್ರಕ್ರಿಯೆ ಮಾಡಿದರು. ದೀಪ ಹಚ್ಚಿದೆಯೋ ಇಲ್ಲವೋ ಎಂದು ತಿಳಿಯುವಷ್ಟು ಬೆಳಕು ಉಳಿಯಿತು, ಅಷ್ಟೇ.

ಅಲ್ಲಿದ್ದ ಡಾಕ್ಟರು ಇನ್ನೂ ಹುಡುಗು ಮುಖದವರು. ನಾನು ವಿಜ್ಞಾನ ಓದುವವಳು ಎಂದು ತಿಳಿದು ಕಾಗದದ ಮೇಲೆ ಕಣ್ಣಿನ ಚಿತ್ರ ಬರೆದು ಹೇಳಿದರು. ಕಣ್ಣಿನ ಮಸೂರ ಎಂದರೆ ಬಹುಪಾಲು ನೀರು ಮತ್ತು ಪ್ರೋಟೀನು. ಹುಟ್ಟುವಾಗ ಬಂದದ್ದೇ ಸಾಯುವವರೆಗೆ, ಹಳೆಯದು ಹೋಗಿ ಹೊಸದು ಬರುವ ಪದ್ಧತಿ ಅಲ್ಲಿಲ್ಲ. ಆ ಪ್ರೋಟೀನು ಒತ್ತೊತ್ತಾಗಿ ನಿಂತೂ ಗಂಟು ಕಟ್ಟದೆ ಇರುವುದರಿಂದಲೇ ನಮಗೆ ದೃಷ್ಟಿ. ಗಂಟು ಕಟ್ಟಿತೆಂದರೆ ಪೊರೆ. ಹಾಗೆಯೇ ಬಿಟ್ಟರೆ ಅದು ಕರಗಿ ಸೋರಿ, ಕಣ್ಣಿನೊಳಗಿನ ನೀರು ಹೊರಹೋಗುವ ಸಣ್ಣ ದಾರಿಗಳನ್ನು ಮುಚ್ಚುತ್ತದೆ. ಒತ್ತಡ ಏರುತ್ತದೆ. ಅಕ್ಷಿಪಟದ ನರಗಳು ಸಾಯುತ್ತವೆ. ದೃಷ್ಟಿ ಕಾಯಬೇಕಾದದ್ದೇ ದೃಷ್ಟಿ ತೆಗೆಯುತ್ತದೆ.

ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ ಎಂದುಕೊಂಡೆ. ಹೊರಗೆ ವರಾಂಡದಲ್ಲಿ ದೊಡ್ಡಪ್ಪ ಯಾರಿಗೋ ಹೇಳುತ್ತಿದ್ದರು. "ಎಂತ ಮಾಡಾದು ಮಾರಾಯ, ಅವಳ ಹಣೇಲಿ ಬರ್ದಿದ್ದು." ಅವತ್ತು ನಿಶ್ಚಯ ಮಾಡಿದೆ. ಹಣೆಯಲ್ಲಿ ಬರೆದದ್ದಲ್ಲ, ಕಣ್ಣಿನಲ್ಲಿ ಆದದ್ದು. ಅದು ಹೇಗಾಯಿತೆಂದು ಕೊನೆಯ ಅಣುವಿನ ತನಕ ತಿಳಿದು ಇವರ ಮುಖದ ಮುಂದೆ ಹಿಡಿಯಬೇಕು. ನನ್ನ ಜೀವರಸಾಯನಶಾಸ್ತ್ರದ ಓದಿನ ಹಿಂದೆ ಇದ್ದದ್ದು ಇದು. ದೊಡ್ಡಪ್ಪ ತಪ್ಪಿಗೆ ಪ್ರಾಯಶ್ಚಿತ್ತ ಎಂಬಂತೆ ಓದಲು ಬಿಟ್ಟರು. ಬಿಟ್ಟದ್ದೇ ತಪ್ಪಾಯಿತು.

ಎಂಬತ್ತರ ದಶಕದ ಮೊದಲಿಗೆ ನಾನು ಘಟ್ಟದ ಕೆಳಗೆ ಒಂದು ಪ್ರಯೋಗಾಲಯದಲ್ಲಿ ಸಂಶೋಧಕಿಯಾಗಿದ್ದೆ. ಅದೇ ಡಾಕ್ಟರು ಈಗ ಕ್ಯಾಂಪುಗಳ ಮುಖ್ಯ ಸರ್ಜನ್. ಆಗಿನ ಶಸ್ತ್ರಕ್ರಿಯೆಯಲ್ಲಿ ಮಸೂರವನ್ನು ಚೀಲದ ಸಮೇತ ಇಡಿಯಾಗಿ ತೆಗೆಯುತ್ತಿದ್ದರು, ಬಕೆಟ್ಟಿಗೆ ಎಸೆಯುತ್ತಿದ್ದರು. ಬಕೆಟ್ಟಿಗೆ ಬೀಳುವ ಮೊದಲು ನಾನು ಅವನ್ನು ಸಣ್ಣ ಬಾಟಲಿಯಲ್ಲಿ ಹಿಡಿಯುತ್ತಿದ್ದೆ. ಸಾಗರದ ಕ್ಯಾಂಪಿಗೆ ಹೋದರೆ ಐಸ್‌ಕ್ಯಾಂಡಿ ಮಾಡುವವನ ಹತ್ತಿರ ಮಂಜುಗಡ್ಡೆ ಬೇಡಿ ಫ್ಲಾಸ್ಕಿಗೆ ತುಂಬಿಕೊಳ್ಳುತ್ತಿದ್ದೆ. ಹೊಸನಗರದ ಬಸ್ಸಿನಲ್ಲಿ ಒಬ್ಬ ಕಂಡಕ್ಟರು, "ಕಾಫಿ ಇದ್ಯಾ ಅಕ್ಕಾ, ನಮ್ಗೂ ಒಂಚೂರು ಕೊಡಿ" ಎಂದ. ಒಳಗಿರುವುದು ಮನುಷ್ಯರ ಕಣ್ಣಿನ ಪೊರೆ ಎಂದೆ. ಆಮೇಲೆ ಆ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಯಾವಾಗಲೂ ಖಾಲಿ.

ಪ್ರೋಟೀನುಗಳಲ್ಲಿ ಒಂದು ಜಾತಿ ಉಳಿದವನ್ನು ಗಂಟು ಕಟ್ಟದಂತೆ ಕಾಯುತ್ತದೆ ಎಂಬುದು ಜಗತ್ತಿಗೆ ಖಚಿತವಾದದ್ದು ಆಮೇಲೆ. ನನಗೆ ಆಗ ಬೇಕಿದ್ದದ್ದು ಹೋಲಿಕೆ. ಎಳೆಯ ಪೊರೆಯಲ್ಲಿ ಏನಿದೆ, ಮಾಗಿ ಸೋರುವ ಪೊರೆಯಲ್ಲಿ ಏನಿಲ್ಲ? ಮಾಗಿದ್ದು ರಾಶಿ ಸಿಗುತ್ತಿತ್ತು, ಬಡವರು ಚೂರಾದರೂ ಕಣ್ಣು ಕಾಣುವವರೆಗೆ ಬರುವುದೇ ಇಲ್ಲವಲ್ಲ. ಎಳೆಯದಕ್ಕೇ ಬರ.

ಆ ವರ್ಷ ತೀರ್ಥಹಳ್ಳಿಯ ಕ್ಯಾಂಪಿನ ಉದ್ಘಾಟನೆಗೆ ನಮ್ಮೂರ ಹೆಮ್ಮೆಯ ಮಗಳು ಎಂದು ನನ್ನನ್ನೂ ವೇದಿಕೆ ಹತ್ತಿಸಿದರು. ಅಧ್ಯಕ್ಷರು ದೀಪ ಹಚ್ಚಲು ಎದ್ದರು. ಕಡ್ಡಿ ಗೀರಿ, ಬತ್ತಿಯ ಪಕ್ಕಕ್ಕೆ, ಬರೀ ಗಾಳಿಗೆ ಬೆಂಕಿ ಹಿಡಿದರು. ಮತ್ತೊಂದು ಕಡ್ಡಿ, ಅದೂ ಹಾಗೆಯೇ. ನಾನು ಎದ್ದು ಅವರ ಕೈ ಹಿಡಿದು ಬತ್ತಿಗೆ ತಾಗಿಸಿದೆ. ಹತ್ತಿರದಿಂದ ಮುಖ ನೋಡಿದೆ. ಬಲಗಣ್ಣಿನಲ್ಲಿ ಬೂದು ಬಣ್ಣ ಆಗತಾನೆ ಇಳಿಯುತ್ತಿತ್ತು, ಎಡಗಣ್ಣಿನಲ್ಲೂ ಅದರ ತೆಳು ಛಾಯೆ. ನನಗೆ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ. ಮೈಯೆಲ್ಲ ಬೆಚ್ಚಗಾಯಿತು.

ಮಾತಾಡಲು ಕರೆದಾಗ ಮೈಕಿನ ಮುಂದೆ ನಿಂತು, ನಮ್ಮ ಛೇರ್ಮನ್ನರಿಗೂ ಪೊರೆ ಬಂದಿದೆ ಎಂದೆ. ಅವರು ಮನಸ್ಸು ಮಾಡಿದರೆ ಯಾವ ದೊಡ್ಡಾಸ್ಪತ್ರೆಗಾದರೂ ಹೋಗಬಹುದು, ಆದರೆ ಇದೇ ಶಾಲೆಯಲ್ಲಿ, ಇದೇ ಚಾಪೆಯ ಮೇಲೆ, ನಿಮ್ಮೆಲ್ಲರ ನಡುವೆ ಮಲಗಿ ಮಾದರಿಯಾಗಲಿದ್ದಾರೆ ಎಂದೆ. ಚಪ್ಪಾಳೆ ಬಿತ್ತು. ಹಿಂದಿನಿಂದ ಯಾರೋ ಜೈಕಾರ ಹಾಕಿದರು. ಮತ್ತೆ ಚುನಾವಣೆ ಹತ್ತಿರವಿತ್ತು. ದೊಡ್ಡಪ್ಪ ಎದ್ದು ನಿಂತು ಕೈಮುಗಿಯಲೇಬೇಕಾಯಿತು.

ಕೂತ ಮೇಲೆ ನನ್ನ ಕಡೆ ಬಾಗಿ ಹಲ್ಲು ಕಚ್ಚಿ ಕೇಳಿದರು. "ಎಂತ ಮಾಡ್ದೆ ಹೆಣ್ಣೆ?"

"ಕ್ಯಾಂಪಿಗೆ ಕರ್ಕೊಂಡು ಬಂದೆ ದೊಡ್ಡಪ್ಪಯ್ಯ."

ಮಾರನೆಯ ದಿನ ಪರೀಕ್ಷೆಯ ಹೊತ್ತಿಗೆ ಅವರು ಡಾಕ್ಟರ ಮುಂದೆ ಕೊನೆಯ ದಾಳ ಹಾಕಿದರು. "ಇನ್ನೂ ಹಣ್ಣಾಗಿಲ್ಲ ಅಲ್ದಾ ಡಾಕ್ಟ್ರೆ? ಯುಗಾದಿ ಕಳ್ದ ಮೇಲೆ ಕೆಳಗೇ ಬಂದು ಮಾಡ್ಸಿಕೊಳ್ತೀನಿ."

"ಹಣ್ಣಾಗೋ ತನಕ ಕಾಯೋದು ಬೇಡ ಛೇರ್ಮನ್ರೇ," ಎಂದರು ಡಾಕ್ಟರು. "ಕಾದ್ರೆ ಎಂತ ಆಗ್ತದೆ ಅಂತ ನಿಮ್ಮ ಮನೇಲೇ ನೋಡಿದೀನಿ."

ದೊಡ್ಡಪ್ಪ ಜುಬ್ಬ ಕಳಚಿ ಮೇಜಿನ ಮೇಲೆ ಮಲಗಿದರು. ಡಾಕ್ಟರ ಚಿಮುಟದ ತುದಿಯಲ್ಲಿ ಅವರ ಮಸೂರ ಹೊರಬಂದಾಗ ನಾನು ಬಾಟಲಿ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ದೊಡ್ಡ ಅವರೆಕಾಳಿನಷ್ಟು, ಜೇನಿನ ಬಣ್ಣ. ಇದನ್ನು ಎರಡಾಗಿ ಸೀಳಿ, ಅರೆದು, ಸೋಸಿ, ಒಂದೊಂದೇ ಪ್ರೋಟೀನನ್ನು ಸಾಲಾಗಿ ನಿಲ್ಲಿಸಿ ವಿಚಾರಣೆ ಮಾಡುತ್ತೇನೆ ಎಂದುಕೊಂಡೆ. ಅಷ್ಟು ದಿನ ಸಿಗದಿದ್ದ ಎಳೆಯ ಪೊರೆ, ಅದೂ ಇವರದು!

ಅವರ ಎರಡೂ ಕಣ್ಣಿಗೆ ಬಟ್ಟೆ ಕಟ್ಟಿ, ತಲೆ ಅಲ್ಲಾಡದಂತೆ ಎರಡು ಕಡೆ ಮರಳಿನ ಚೀಲ ಇಟ್ಟು, ಚಾಪೆಯ ಮೇಲೆ ಮಲಗಿಸಿದರು. ಕೆಮ್ಮಬಾರದು, ಎಲೆಅಡಿಕೆ ಮುಟ್ಟಬಾರದು. ಪಕ್ಕದ ಚಾಪೆಯಲ್ಲಿ ನಮ್ಮ ಹಳೆಯ ಗೇಣಿದಾರ. ಭೂಸುಧಾರಣೆಯಲ್ಲಿ ದೊಡ್ಡಪ್ಪನ ಗದ್ದೆ ಅವನ ಹೆಸರಿಗೆ ಆದ ಮೇಲೆ ಇಬ್ಬರೂ ಮುಖ ನೋಡಿಕೊಂಡಿರಲಿಲ್ಲ. ಈಗ ನೋಡುವ ಹಾಗೂ ಇರಲಿಲ್ಲ.

"ಒಡೇರೇ, ಗಂಜಿ ಕುಡುದ್ರಾ?" ಎಂದು ಅವನು ಬಟ್ಟೆ ಕಟ್ಟಿದ ಕಣ್ಣಿನಲ್ಲೇ ವಿಚಾರಿಸುತ್ತಿದ್ದ. "ಉಪ್ಪು ಸ್ವಲ್ಪ ಕಮ್ಮಿ ಆಯ್ತು, ಅಲ್ದಾ?"

ನಾನು ಕಿಟಕಿಯ ಹೊರಗೆ ನಿಂತು ಕೇಳಿ ಹೊಟ್ಟೆ ತುಂಬ ನಕ್ಕೆ. ಆ ನಗು ಸಂಜೆಯವರೆಗೂ ಬಾಳಲಿಲ್ಲ. ಊರಿಗೆ ಊರೇ ದೊಡ್ಡಪ್ಪನನ್ನು ನೋಡಲು ಬಂತು. ಎಷ್ಟು ದೊಡ್ಡ ಮನಸ್ಸು, ಬಡವರ ಜೊತೆ ಚಾಪೆಯ ಮೇಲೆ ಮಲಗಿದ್ದಾರಲ್ಲ ಎಂದು ಹೆಂಗಸರು ಗಲ್ಲಕ್ಕೆ ಕೈ ಹಚ್ಚಿದರು. ಸಮಿತಿಯವರು ಮಲಗಿದ್ದವರ ಎದೆಯ ಮೇಲೆ ಹಾರ ಇಟ್ಟರು. ದೊಡ್ಡಪ್ಪ ಕ್ಷೀಣ ದನಿಯಲ್ಲಿ, "ನಾವು ಮುಂದೆ ನಿಲ್ದಿದ್ರೆ ಜನಕ್ಕೆ ಧೈರ್ಯ ಬರ್ತದಾ?" ಎನ್ನುತ್ತಿದ್ದರು. ನಾನು ತೋಡಿದ ಗುಂಡಿಯಲ್ಲಿ ಬಿದ್ದು, ಅಲ್ಲೇ ಸಿಂಹಾಸನ ಹಾಕಿಕೊಂಡಿದ್ದರು. ವಾರ ಕಳೆದು ಬಟ್ಟೆ ಬಿಚ್ಚಿ ದಪ್ಪ ಕನ್ನಡಕ ಹಾಕಿದರೆ ಅವರಿಗೆ ಎಲ್ಲ ಚೆನ್ನಾಗಿ ಕಾಣುತ್ತದೆ ಎಂಬುದು ಬೇರೆ. ನನ್ನ ಹೊಟ್ಟೆ ಉರಿದುಹೋಯಿತು.

ಮರುದಿನ ಫ್ಲಾಸ್ಕು ಹಿಡಿದು ಘಟ್ಟ ಇಳಿಯುವ ಬಸ್ಸು ಹತ್ತಿದವಳು ದಾರಿಯಲ್ಲಿ ಮೇಳಿಗೆಯಲ್ಲೇ ಇಳಿದೆ. ಅಮ್ಮ ಬಚ್ಚಲ ಒಲೆಯ ಮುಂದೆ ಕೂತು ಹಂಡೆಗೆ ಬೆಂಕಿ ಮಾಡುತ್ತಿದ್ದಳು. ಆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ, ಮೈಕು, ಚಾಪೆ, ಹಾರ. ಅವಳು ಒಲೆಗೆ ಇನ್ನೊಂದು ಸೌದೆ ನೂಕಿದಳು.

"ಅವರದ್ದು ಫ್ಲಾಸ್ಕಲ್ಲಿ ಅದ್ಯಾ?" ಎಂದು ಕೇಳಿದಳು.

"ಅದೆ."

ಸೆರಗಿಗೆ ಕೈ ಒರೆಸಿಕೊಂಡು ಅಂಗೈ ಚಾಚಿದಳು. ನಾನು ಬಾಟಲಿಯಿಂದ ಮಸೂರವನ್ನು ಅವಳ ಅಂಗೈಗೆ ಜಾರಿಸಿದೆ. ಅವಳು ಅದನ್ನು ಅಕ್ಕಿಯೊಳಗಿನ ಕಲ್ಲು ನೋಡುವಂತೆ ಬೆರಳಿನಿಂದ ಸುತ್ತ ತಡವಿದಳು.

"ಇಷ್ಟೇಯಾ?"

"ಇಷ್ಟೇ ಅಮ್ಮ."

"ನಂದೂ ಇಷ್ಟೇ ಇತ್ತಾ?"

"ಇಷ್ಟೇ ಇತ್ತು."

ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ಕಾವು ಬರುವ ದಿಕ್ಕಿಗೆ ಮುಖ ತಿರುಗಿಸಿ ಅದನ್ನು ಒಲೆಯೊಳಗೆ ಹಾಕಿದಳು. ಚುಂಯ್ ಎಂದು ಒಂದು ಸಣ್ಣ ಸದ್ದಾಯಿತು.

"ಅಮ್ಮಾ!" ಎಂದು ಚೀರಿದೆ. "ಅದು ನಂಗೆ ಬೇಕಿತ್ತು!"

"ನಂಗೂ ಬೇಕಿತ್ತು," ಎಂದಳು.

ಹಂಡೆಯ ನೀರಿನಲ್ಲಿ ಕೈ ತೊಳೆದುಕೊಂಡಳು. ಅವರ ಇನ್ನೊಂದು ಕಣ್ಣಿನದು ಯಾವಾಗ ತೆಗೆಯುತ್ತಾರೆ ಎಂದು ಕೇಳಿದಳು. ಬಹುಶಃ ಬರುವ ಚಳಿಗಾಲದಲ್ಲಿ ಎಂದೆ.

"ಅದ್ನ ನೀನು ಇಟ್ಕೋ," ಎಂದಳು ಅಮ್ಮ.