ಸೇತುವೆ ಈಗ ತೆರೆಯುತ್ತಿದೆ

ಬೆಳಿಗ್ಗೆ ಆರು ಗಂಟೆ ನಲವತ್ತೆರಡು ನಿಮಿಷಕ್ಕೆ ಅವಳು ಸೇತುವೆಯ ಕ್ಯಾಬಿನ್ನಿನಲ್ಲಿ ನಿಂತು ಹಳೆಯ ಹತ್ತಿಬಟ್ಟೆಯಿಂದ ಕಿಟಕಿಯ ಗಾಜು ಒರೆಸುತ್ತಿದ್ದಳು. ಒರೆಸಿ ಪ್ರಯೋಜನವಿರಲಿಲ್ಲ. ಮಸುಕು ಇದ್ದದ್ದು ಗಾಜಿನ ಮೇಲಲ್ಲ, ಹೊರಗೆ. ನದಿ, ದಡ, ಸೇತುವೆಯ ಎರಡು ಗೋಪುರ, ಎಲ್ಲವನ್ನೂ ಮಂಜು ನುಂಗಿಬಿಟ್ಟಿತ್ತು. ಆ ಬಿಳುಪಿನಲ್ಲಿ ಕ್ಯಾಬಿನ್ ಒಂದೇ ತೇಲುತ್ತಿದೆಯೇನೋ ಅನ್ನಿಸುತ್ತಿತ್ತು. ಅವಳ ಹಿಂದೆ ಸ್ಟೂಲಿನ ಮೇಲೆ ದೊಡ್ಡ ಕಚೇರಿಯಿಂದ ಬಂದ ಪರೀಕ್ಷಕರು ಕೋಟಿನ ಗುಂಡಿ ಹಾಕಿಕೊಂಡು ಕೂತಿದ್ದರು. ಅವರ ಮುಂದೆ ಅವಳು ಹಡಗಿನವರ ಜೊತೆ ಇಂಗ್ಲಿಷಿನಲ್ಲಿ ಮಾತಾಡಿ ತೋರಿಸಬೇಕಿತ್ತು. ಪಾಸಾದರೆ ಈ ಕ್ಯಾಬಿನ್ ಅವಳದೇ. ಇಲ್ಲವಾದರೆ ಮರುದಿನದಿಂದ ಕಚೇರಿಯ ಹಿಂದಿನ ಉಗ್ರಾಣ. ಅಲ್ಲಿ ನಟ್ಟು ಬೋಲ್ಟು, ಎಣ್ಣೆ ಡಬ್ಬ. ಉಗ್ರಾಣಕ್ಕೆ ಕಿಟಕಿ ಇಲ್ಲ.

ಸಂಬಳ ಎರಡಕ್ಕೂ ಒಂದೇ ಅಂತ ಕಚೇರಿಯವರು ಸಮಾಧಾನ ಹೇಳಿದ್ದರು. ಸಂಬಳದ ಮಾತನ್ನು ಅವಳು ಎತ್ತಿರಲೇ ಇಲ್ಲ. ಅವಳಿಗೆ ಬೇಕಾಗಿದ್ದದ್ದು ಆ ಗಾಜು, ಅದರಾಚೆಯ ನೀರು. ಬೆಳಗಿನ ನೀರಿನ ಬಣ್ಣ ಮಧ್ಯಾಹ್ನಕ್ಕೆ ಇರುವುದಿಲ್ಲ. ನೋಡುತ್ತಾ ಕೂತರೆ ನದಿ ನಿಂತಿದೆಯೋ, ಕ್ಯಾಬಿನ್ ಹೊರಟಿದೆಯೋ ತಿಳಿಯುವುದಿಲ್ಲ. ಎಷ್ಟೋ ಸಲ ಅವಳು ಚಹಾ ಹಿಡಿದುಕೊಂಡು ಹೀಗೆ ಹೊರಟುಬಿಟ್ಟು, ಚಹಾ ಆರಿ ತಣ್ಣಗಾದ ಮೇಲೆ ವಾಪಸ್ ಬಂದಿದ್ದಾಳೆ.

ಕೆಲಸವೇನೋ ಸರಳ. ಹಡಗು ಬಂದಾಗ ರಸ್ತೆಗೆ ಅಡ್ಡಗಂಬ ಇಳಿಸಿ, ಹಿಡಿಯನ್ನು ಎಳೆಯಬೇಕು. ಸೇತುವೆಯ ನಡುವಿನ ತುಂಡು ಎರಡು ಗೋಪುರಗಳ ಮಧ್ಯೆ ಲಿಫ್ಟಿನ ಹಾಗೆ ಮೇಲೇರುತ್ತದೆ. ಎಷ್ಟು ಏರಿತು ಎಂಬುದನ್ನು ಹಿಡಿಯ ಪಕ್ಕದ ದುಂಡು ಡಯಲ್ಲಿನ ಮುಳ್ಳು ತೋರಿಸುತ್ತದೆ. ಪೂರ್ತಿ ಏರಿದರೆ ಇಪ್ಪತ್ತನಾಲ್ಕು ಮೀಟರ್. ಆದರೆ ಮುಳ್ಳನ್ನು ನೋಡುವವರು ಯಾರೂ ಇರಲಿಲ್ಲ. ಹಿಡಿ ಎಳೆದ ಕೂಡಲೇ ವೈರ್‌ಲೆಸ್ಸಿನಲ್ಲಿ 'ತೆರೆದಿದೆ, ಬನ್ನಿ' ಅನ್ನುವುದು ಆ ಸೇತುವೆಯಲ್ಲಿ ಮೊದಲಿನಿಂದ ಬಂದ ವಾಡಿಕೆ. ಹಡಗು ಹತ್ತಿರ ಬರುವಷ್ಟರಲ್ಲಿ ಹೇಗೂ ತೆರೆದಿರುತ್ತದೆ. ಎರಡೆರಡು ಸಲ ಬಾಯಿ ನೋಯಿಸಿಕೊಳ್ಳುವುದು ಯಾಕೆ? ಅವಳಿಗೆ ಕೆಲಸ ಕಲಿಸಿದ ಹಿರಿಯರೂ ಹಾಗೇ ಅನ್ನುತ್ತಿದ್ದರು, ಅವಳೂ ಹಾಗೇ ಅನ್ನುತ್ತಾ ಬಂದಿದ್ದಳು.

ಈಚೆಗೆ ದೂರದ ಹಡಗುಗಳು ಬರಲು ಶುರುವಾಗಿ, ವೈರ್‌ಲೆಸ್ಸಿನಲ್ಲಿ ಇಂಗ್ಲಿಷೇ ಆಗಬೇಕೆಂದು ಆದೇಶ ಬಂತು. ಅವಳು ಸೀದಾ ನಾದಿನಿಯ ಬಳಿ ಹೋದಳು. ನಾದಿನಿ ಅವರ ಮನೆಯಲ್ಲೇ ಕೆಳಗಿನ ಕೋಣೆಯಲ್ಲಿದ್ದು, ಸಂಜೆಶಾಲೆಯಲ್ಲಿ ದೊಡ್ಡವರಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದಳು. ಅತ್ತಿಗೆಗೆ ಪಾಠ ಹೇಳುವ ಯೋಗ ಎಷ್ಟು ಜನಕ್ಕೆ ಬರುತ್ತದೆ ಅಂತ ಮೊದಲ ದಿನವೇ ಕಾಲೆಳೆದಳು. ತಪ್ಪು ಮಾಡಿದರೆ ಬೆಂಚಿನ ಮೇಲೆ ನಿಲ್ಲಿಸುತ್ತೇನೆ ಅಂತಲೂ ಹೆದರಿಸಿದಳು.

ಭೂತಕಾಲ, ಭವಿಷ್ಯತ್ಕಾಲಗಳ ಸುದ್ದಿಗೇ ನಾದಿನಿ ಹೋಗಲಿಲ್ಲ. ಕ್ಯಾಬಿನ್ನಿಗೆ ಸಾಕಾಗುವುದು ವರ್ತಮಾನ, ಅದರಲ್ಲೂ ಎರಡು ಬಗೆ ಅಂದಳು. ದಿನಾ ನಡೆಯುವುದು ಒಂದು, ಈಗ ಕಣ್ಣೆದುರು ನಡೆಯುತ್ತಿರುವುದು ಇನ್ನೊಂದು. ಸೇತುವೆ ಏಳು ಗಂಟೆಗೆ ತೆರೆಯುತ್ತದೆ: 'ದ ಬ್ರಿಡ್ಜ್ ಓಪನ್ಸ್ ಅಟ್ ಸೆವೆನ್.' ನೀವು ಮಲಗಿ ಗೊರಕೆ ಹೊಡೆಯುವಾಗಲೂ ಆ ಮಾತು ನಿಜ. ಸೇತುವೆ ತೆರೆಯುತ್ತಿದೆ: 'ದ ಬ್ರಿಡ್ಜ್ ಈಸ್ ಓಪನಿಂಗ್.' ಇದು ನೋಡುತ್ತಿರುವಾಗ ಮಾತ್ರ ನಿಜ. ಕ್ರಿಯಾಪದದ ಕೊನೆಯ ಆ 'ಸ್' ಏಕೆ ಎಂದು ಅವಳು ಕೇಳಿದಾಗ, ಒಬ್ಬ, ಒಬ್ಬಳು, ಒಂದು ಅಂತ ಒಂಟಿಯಾಗಿರುವವರಿಗೆ ಬೇಜಾರಾಗದಿರಲಿ ಅಂತ ಜೊತೆಗೊಂದು ಬಾಲ ಕೊಟ್ಟಿದ್ದಾರೆ ಅಂದಳು. ಹಾಗಾದರೆ 'ನಾನು' ಒಂಟಿಯಲ್ಲವೇ ಅಂತ ಅತ್ತಿಗೆಯ ಮರುಪ್ರಶ್ನೆ.

"ನಿಮಗೆ ನಾನಿದೀನಲ್ಲ ಅತ್ತಿಗೆ, ಬಾಲ ಬೇರೆ ಯಾಕೆ?" ಅಂದಳು ನಾದಿನಿ.

'ಐ ಆಮ್ ನೋಯಿಂಗ್' ಎಂಬ ತಪ್ಪು ಮಾತ್ರ ಅವಳನ್ನು ಬಿಟ್ಟು ಹೋಗಲಿಲ್ಲ. ಗೊತ್ತು, ಬೇಕು, ಇಷ್ಟ, ಇವು ಮನಸ್ಸಿನೊಳಗೆ ಸುಮ್ಮನೆ ಇರುವಂಥವು, ಯಂತ್ರದ ಹಾಗೆ ಓಡುತ್ತಿರುವಂಥವಲ್ಲ. ಅವಕ್ಕೆ 'ಇಂಗ್' ಅಂಟಿಸಬಾರದು ಎಂದು ನಾದಿನಿ ಎಷ್ಟು ಹೇಳಿದರೂ ನಾಲಿಗೆ ಕೇಳುತ್ತಿರಲಿಲ್ಲ.

ಪಾಠದ ಪದ್ಧತಿ ಒಂದೇ: ಕಣ್ಣು ಕಂಡ ಮೇಲೆ ಬಾಯಿ. ಬಟ್ಟೆ ಒಣಗುತ್ತಿದೆ ಅನ್ನುವ ಮೊದಲು ಬಟ್ಟೆಯನ್ನು ಮುಟ್ಟಿ ನೋಡಬೇಕು. ಹಾಲು ಉಕ್ಕುತ್ತಿದೆ ಅನ್ನುವ ಮೊದಲು ಪಾತ್ರೆಯೊಳಗೆ ಇಣುಕಬೇಕು. ಈ ಆಟಕ್ಕೆ ಮೊದಲ ಬಲಿ ಮನೆಯ ಯಜಮಾನನೇ, ಅಂದರೆ ಅವಳ ಗಂಡ. ಆತ ಬಡಗಿ. ಊಟಕ್ಕೆ ಕರೆದರೆ ಹಿತ್ತಲಿನಿಂದ "ಬಂದೆ, ಬಂದೆ" ಅನ್ನುತ್ತಾನೆ, ಉಜ್ಜುಗೊರಡಿನ ಸದ್ದು ಮಾತ್ರ ನಿಲ್ಲುವುದಿಲ್ಲ. ನಾದಿನಿ ಹೋಗಿ ಕಣ್ಣಾರೆ ನೋಡಿ ಬಂದು, ಅಣ್ಣ ಬರುತ್ತಿಲ್ಲ, ಕೂತಿದ್ದಾನೆ ಎಂದು ಇಂಗ್ಲಿಷಿನಲ್ಲಿ ವರದಿ ಒಪ್ಪಿಸುವಳು.

ಕ್ಯಾಬಿನ್ನಿನಲ್ಲೂ ಅವಳು ತನ್ನಷ್ಟಕ್ಕೇ ಹೇಳಿಕೊಳ್ಳತೊಡಗಿದಳು. ನೀರು ಹೋಗುತ್ತಿದೆ. ಹಕ್ಕಿ ಕಂಬದ ಮೇಲೆ ಕೂತಿದೆ. ಹೇಳಿ ಮುಗಿಸುವಷ್ಟರಲ್ಲಿ ಹಕ್ಕಿ ಹಾರಿಹೋಗಿರುತ್ತಿತ್ತು, ಮಾತು ಸುಳ್ಳಾಗಿರುತ್ತಿತ್ತು. ಮತ್ತೆ ನೋಡಿ, ಮತ್ತೆ ಹೇಳಬೇಕು. ಇಷ್ಟು ವರ್ಷ ಇಡೀ ನದಿಯನ್ನು ನೋಡಿದೆ ಅಂದುಕೊಂಡಿದ್ದಳು. ಈಗ ಒಂದೊಂದು ವಾಕ್ಯಕ್ಕೆ ಒಂದೊಂದು ಅಲೆಯಷ್ಟೇ ಸಿಗುತ್ತಿತ್ತು, ಅದೂ ಜಾರುತ್ತಿತ್ತು. ಅದರಲ್ಲೊಂದು ಸುಖವಿತ್ತು, ನಿದ್ದೆಗೆ ತೀರ ಹತ್ತಿರದ ಸುಖ.

ಪರೀಕ್ಷೆಯ ಬೆಳಿಗ್ಗೆ ವೈರ್‌ಲೆಸ್ ಗೊರಗೊರ ಅಂದಾಗ ಅವಳು ಬಟ್ಟೆ ಕೆಳಗಿಟ್ಟಳು. ಮಂಜಿನೊಳಗಿಂದ ಒಂದು ಗಂಡಸಿನ ದನಿ ತನ್ನ ಹಡಗಿನ ಹೆಸರು ಹೇಳಿ, ಹದಿನೇಳು ಮೀಟರ್ ಬೇಕು ಅಂದಿತು. ಹಡಗು ಕಾಣುತ್ತಿರಲಿಲ್ಲ. ಹಡಗಿನವನಿಗೂ ಸೇತುವೆ ಕಾಣುತ್ತಿರಲಿಲ್ಲ. ಅವನಿಗಿದ್ದದ್ದು ಅವಳ ಮಾತೊಂದೇ.

ಅವಳು ಅಡ್ಡಗಂಬ ಇಳಿಸಿ ಹಿಡಿ ಎಳೆದಳು. ಎಲ್ಲೋ ಮೇಲೆ ಯಂತ್ರ ನರಳಿತು. ಪರೀಕ್ಷಕರು ಪೆನ್ನು ತೆಗೆದರು. 'ದ ಬ್ರಿಡ್ಜ್ ಈಸ್ ಓಪನ್' ಎಂಬ ಮಾತು ವಾಡಿಕೆಯ ಬಲದಿಂದ ತುಟಿಯ ತನಕ ಬಂತು. ಅದು ತಪ್ಪಿಲ್ಲದ ವಾಕ್ಯ. ಅಂದುಬಿಟ್ಟಿದ್ದರೆ ಪೂರ್ತಿ ಅಂಕ ಅಲ್ಲೇ ಸಿಗುತ್ತಿತ್ತು. ಆದರೆ ಬಾಯಿಗಿಂತ ಮೊದಲು ಕತ್ತು ತಿರುಗಿತ್ತು. ಕಣ್ಣು ಮುಳ್ಳಿನ ಮೇಲೆ ಹೋಗಿತ್ತು.

"ದ ಬ್ರಿಡ್ಜ್ ಈಸ್ ಓಪನಿಂಗ್," ಅಂದಳು. "ಸಿಕ್ಸ್ ಮೀಟರ್ಸ್. ಸೆವೆನ್."

ಪರೀಕ್ಷಕರು ಹುಬ್ಬೇರಿಸಿದರು. ಇಷ್ಟುದ್ದ ಯಾರೂ ಹೇಳಿದ್ದನ್ನು ಅವರು ಕೇಳಿರಲಿಲ್ಲ. ಅವಳು ನೋಡುತ್ತಲೇ ಇದ್ದಳು. ಮುಳ್ಳು ಎಂಟು ದಾಟಿತು, ಒಂಬತ್ತಕ್ಕೆ ಬಂತು, ಅಲ್ಲಿ ಸಣ್ಣಗೆ ನಡುಗಿ ನಿಂತಿತು. ಗೋಪುರದ ತುದಿಯ ಗಾಲಿಯ ಬ್ರೇಕ್ ತಾನಾಗಿ ಹಿಡಿದುಕೊಂಡಿತ್ತು. ಅದು ಗೊತ್ತಾದದ್ದು ಆಮೇಲೆ. ಆ ಹೊತ್ತಿಗೆ ಅವಳಿಗೆ ಗೊತ್ತಿದ್ದದ್ದು ಮುಳ್ಳು ನಿಂತಿದೆ ಎನ್ನುವುದಷ್ಟೇ. ದನಿ ಮಾತ್ರ ಅಡುಗೆಮನೆಯಲ್ಲಿ ಹಾಲು ಉಕ್ಕುತ್ತಿದೆ ಅನ್ನುವಾಗಿನ ದನಿಯೇ ಆಗಿತ್ತು.

"ದ ಬ್ರಿಡ್ಜ್ ಈಸ್ ನಾಟ್ ಮೂವಿಂಗ್. ಸ್ಟಾಪ್, ಪ್ಲೀಸ್. ನೈನ್ ಮೀಟರ್ಸ್."

ಆಮೇಲೆ ಮಂಜಿನ ಹೊಟ್ಟೆಯಿಂದ ದೊಡ್ಡ ಇಂಜಿನ್ ಹಿಮ್ಮುಖ ತಿರುಗುವ ಸದ್ದು ಬಂತು, ಕ್ಯಾಬಿನ್ನಿನ ಗಾಜು ಝಣಝಣ ಅಂದಿತು. ಬಿಳುಪಿನೊಳಗೆ ಒಂದು ಕಪ್ಪು ಗೆರೆ ಮೂಡಿತು. ಅದು ಹಡಗಿನ ಕಂಬ. ಸೇತುವೆಯ ಮುಂದೆ, ಇನ್ನೊಂದು ಹಡಗು ಹಿಡಿಸುವಷ್ಟು ಜಾಗ ಬಿಟ್ಟು, ಅದು ನಿಧಾನವಾಗಿ ನಿಂತಿತು. "ಥ್ಯಾಂಕ್ ಯೂ, ಬ್ರಿಡ್ಜ್. ವೀ ಆರ್ ವೇಟಿಂಗ್," ಅಂದಿತು ಆ ದನಿ. ಅವರು ನಿಜವಾಗಿ ಕಾಯುತ್ತಿದ್ದುದು ಅವಳಿಗೆ ಕಾಣುತ್ತಿತ್ತು.

ಮೆಕ್ಯಾನಿಕ್ ಬಂದು ಬ್ರೇಕ್ ಬಿಡಿಸಿ, ಹಡಗು ದಾಟಿ ಹೋದ ಮೇಲೆ ಪರೀಕ್ಷಕರು ಬರೆದು ತಂದಿದ್ದ ಪ್ರಶ್ನೆಗಳನ್ನು ಕೇಳಿದರು. ಹೆಚ್ಚಿನದಕ್ಕೆ ಸರಿಯಾಗಿ ಹೇಳಿದಳು. ಸೇತುವೆಯ ನಿಯಮಗಳು ತಿಳಿದಿವೆಯೇ ಎಂದಾಗ ಮಾತ್ರ "ಯೆಸ್ ಸರ್, ಐ ಆಮ್ ನೋಯಿಂಗ್" ಅಂದು ನಾಲಿಗೆ ಕಚ್ಚಿಕೊಂಡಳು. ಅವರು ನಕ್ಕರು, ಪೆನ್ನಿನ ಮುಚ್ಚಳ ಹಾಕಿದರು.

"ಉಗ್ರಾಣಕ್ಕೆ ಬೇರೆಯವರನ್ನು ನೋಡ್ತೀವಮ್ಮ," ಅಂದರು. "ನೀವು ಇಲ್ಲೇ ಇರಿ."

ಅವರು ಮೆಟ್ಟಿಲಿಳಿದು ಹೋದ ಮೇಲೆ ಅವಳು ಬಟ್ಟೆ ಎತ್ತಿಕೊಂಡು ಮತ್ತೆ ಗಾಜು ಒರೆಸಿದಳು. ಮಂಜು ಅಲ್ಲಲ್ಲಿ ಹರಿದು, ನೀರು ಹೊಸದಾಗಿ ಕಾಣಿಸಿಕೊಳ್ಳುತ್ತಿತ್ತು.

ಈಗ ಆ ಸೇತುವೆಯಲ್ಲಿ ಹಿಡಿ ಎಳೆದವರು ಮುಳ್ಳು ನೋಡಿಯೇ ಮಾತಾಡುತ್ತಾರೆ. ಮನೆಯಲ್ಲಿ ಮಾತ್ರ ಹಳೆಯ ವಾಡಿಕೆ ಬದಲಾಗಿಲ್ಲ. ತಟ್ಟೆ ಹಾಕಿ ಕರೆದರೆ ಹಿತ್ತಲಿನಿಂದ "ಬಂದೆ, ಬಂದೆ" ಎಂಬ ಉತ್ತರ, ಜೊತೆಗೆ ಉಜ್ಜುಗೊರಡಿನ ಸದ್ದು. ಅವಳು ನಾದಿನಿಯ ಮುಖ ನೋಡುತ್ತಾಳೆ. ನಾದಿನಿ ಎದ್ದು ಬಾಗಿಲಿನಲ್ಲಿ ಇಣುಕಿ ನೋಡಿ ಬರುತ್ತಾಳೆ. ಆಮೇಲೆ, ಅತ್ತಿಗೆ ಆ ಬೆಳಿಗ್ಗೆ ಮಂಜಿಗೆ ಹೇಳಿದ ಅದೇ ದನಿಯಲ್ಲಿ, ಮೆಲ್ಲಗೆ ಹೇಳುತ್ತಾಳೆ: "ನೈನ್ ಮೀಟರ್ಸ್."